ನಾಯಿಯ ತಟ್ಟೆಗೆ ಸೊಪ್ಪು: ಒಗ್ಗರಣೆಗೆ ಮುಂಚೆ ಎತ್ತಿಡಬೇಕಾದ ಪಾಲು

ಬಸ್ಸಾರು ಮಾಡುವ ಮನೆಯಲ್ಲಿ ನಾಯಿಗೆ ಸೊಪ್ಪು ತೆಗೆದಿಡಲು ಸರಿಯಾದ ಗಳಿಗೆ ಒಂದೇ. ಸೊಪ್ಪು ಬೆಂದು, ಅದರ ಕಟ್ಟನ್ನು ಬಸಿದು, ಪಲ್ಯಕ್ಕೆ ಒಗ್ಗರಣೆ ಬೀಳುವ ಮುಂಚೆ ಸಿಗುವ ಎರಡು ಮೂರು ನಿಮಿಷವೇ ಆ ಗಳಿಗೆ. ಆದರೆ ಬಹುತೇಕ ಮನೆಗಳಲ್ಲಿ ನಡೆಯುವುದು ಬೇರೆ. ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಸೊಪ್ಪಿನ ಸಾರನ್ನು ಅನ್ನಕ್ಕೋ ಮುದ್ದೆಗೋ ಕಲಸಿ ನಾಯಿಯ ತಟ್ಟೆಗೆ ಹಾಕಲಾಗುತ್ತದೆ. ಅದರೊಡನೆ ಈರುಳ್ಳಿ, ಬೆಳ್ಳುಳ್ಳಿ, ಹುಣಸೆ ಹಣ್ಣು, ಉಪ್ಪು, ಖಾರದ ಪುಡಿ ಎಲ್ಲವೂ ಹೋಗುತ್ತವೆ. ನಾಯಿಗೆ ಸೊಪ್ಪು ಒಳ್ಳೆಯದೋ ಕೆಟ್ಟದೋ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಸೊಪ್ಪಿನಿಂದ ಕೆಡುವ ನಾಯಿಗಿಂತ ಸೊಪ್ಪಿನ ಜೊತೆಗೆ ಬಿದ್ದದ್ದರಿಂದ ಕೆಡುವ ನಾಯಿಯೇ ಹೆಚ್ಚು. ಆದ್ದರಿಂದ ಈ ಲೇಖನದಲ್ಲಿ ಯಾವ ಸೊಪ್ಪು, ಎಷ್ಟು ಎಂಬುದರಷ್ಟೇ ಜಾಗವನ್ನು ಅಡುಗೆಯ ಯಾವ ಹಂತದಲ್ಲಿ, ಯಾವ ರೂಪದಲ್ಲಿ ಎಂಬುದಕ್ಕೂ ಕೊಟ್ಟಿದ್ದೇನೆ.

ಸೊಪ್ಪು ನಾಯಿಗೆ ಬೇಕೇ?

ಅಗತ್ಯವಾಗಿ ಬೇಕೇ ಎಂದರೆ, ಬೇಡ. ನಾಯಿಯ ವಯಸ್ಸಿಗೆ ತಕ್ಕ, ಪೂರ್ಣ ಪೋಷಣೆಯ ಸಿದ್ಧ ಆಹಾರವನ್ನು ಸರಿಯಾದ ಅಳತೆಯಲ್ಲಿ ತಿನ್ನುವ ಆರೋಗ್ಯವಂತ ನಾಯಿಗೆ ಸೊಪ್ಪಿಲ್ಲದಿದ್ದರೆ ಏನೂ ಕೊರತೆಯಾಗುವುದಿಲ್ಲ. ನಮಗೆ ಸೊಪ್ಪು ತರಕಾರಿಯಿಂದ ಬರಬೇಕಾದ ಸಿ ಜೀವಸತ್ವವನ್ನು ನಾಯಿ ತನ್ನ ಯಕೃತ್ತಿನಲ್ಲಿಯೇ ತಯಾರಿಸಿಕೊಳ್ಳುತ್ತದೆ. ಹಾಗೆಂದು ಸೊಪ್ಪು ಅದಕ್ಕೆ ಪರಕೀಯ ಆಹಾರವೂ ಅಲ್ಲ. ನಾಯಿ ತೋಳದ ಸಂತತಿಯಾದರೂ ಮನುಷ್ಯನ ಜೊತೆ ಬದುಕಿದ ಸಾವಿರಾರು ವರ್ಷಗಳಲ್ಲಿ ಅದರ ಕರುಳು ಬದಲಾಗಿದೆ. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವಕ್ಕೆ ಕಾರಣವಾದ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಪಟ್ಟು ಹೆಚ್ಚಿವೆ ಎಂಬುದನ್ನು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದರು. ನಮ್ಮ ಹಳ್ಳಿಯ ನಾಯಿಗಳು ಮುದ್ದೆ, ರೊಟ್ಟಿ, ಅನ್ನ ತಿಂದು ಬದುಕಿ ಬಂದಿರುವುದರ ಗುಟ್ಟು ಇದೇ. ಬೆಕ್ಕಿಗೆ ಸಾಧ್ಯವಾಗದ ಇನ್ನೊಂದು ಕೆಲಸವನ್ನೂ ನಾಯಿಯ ದೇಹ ಮಾಡುತ್ತದೆ: ಸೊಪ್ಪಿನಲ್ಲಿರುವ ಬೀಟಾ ಕ್ಯಾರೊಟಿನ್ ಅನ್ನು ಎ ಜೀವಸತ್ವವಾಗಿ ಪರಿವರ್ತಿಸಿಕೊಳ್ಳುತ್ತದೆ.

ಹಾಗಾದರೆ ಸೊಪ್ಪಿನಿಂದ ಸಿಗುವುದೇನು? ನಾರಿನಂಶ, ನೀರು, ಫೋಲೇಟ್, ಕೆ ಜೀವಸತ್ವ, ಮತ್ತು ಬಹಳ ಕಡಿಮೆ ಕ್ಯಾಲೊರಿಯಲ್ಲಿ ಹೊಟ್ಟೆ ತುಂಬಿದ ತೃಪ್ತಿ. ಅಪಾರ್ಟ್‌ಮೆಂಟಿನಲ್ಲಿ ಓಡಾಟ ಕಡಿಮೆಯಾಗಿ ಮೈ ಬಂದಿರುವ ಲ್ಯಾಬ್ರಡಾರ್‌ಗೆ ಈ ಕೊನೆಯದೇ ದೊಡ್ಡ ಲಾಭ. ಇದಕ್ಕಿಂತ ಹೆಚ್ಚಿನದನ್ನು ಹೇಳುವ ಒಂದು ಅಧ್ಯಯನವೂ ಇದೆ. ಸ್ಕಾಟಿಷ್ ಟೆರಿಯರ್ ತಳಿಗೆ ಮೂತ್ರಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆ ನಾಯಿಗಳಿಗಿಂತ ಬಹಳ ಹೆಚ್ಚು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಮೂರು ಬಾರಿಯಾದರೂ ಸೊಪ್ಪು ಅಥವಾ ಹಳದಿ, ಕಿತ್ತಳೆ ಬಣ್ಣದ ತರಕಾರಿ ತಿನ್ನುತ್ತಿದ್ದ ಸ್ಕಾಟಿಷ್ ಟೆರಿಯರ್‌ಗಳಲ್ಲಿ ಈ ಕ್ಯಾನ್ಸರ್ ಗಣನೀಯವಾಗಿ ಕಡಿಮೆ ಕಂಡುಬಂತು. ಆದರೆ ಅದು ಮಾಲೀಕರು ನೆನಪಿನಿಂದ ಹೇಳಿದ ಮಾಹಿತಿಯನ್ನು ಆಧರಿಸಿದ, ಒಂದೇ ತಳಿಯ ಮೇಲಿನ ಅಧ್ಯಯನ. ಅದನ್ನು ಹಿಡಿದುಕೊಂಡು ಸೊಪ್ಪು ಕ್ಯಾನ್ಸರನ್ನು ತಡೆಯುತ್ತದೆ ಎಂದು ಸಾರುವುದು ತಪ್ಪಾಗುತ್ತದೆ. ವಾರಕ್ಕೆ ಮೂರು ದಿನ ಎಂಬ ಅಳತೆಯನ್ನು ಮಾತ್ರ ನಾನು ಅದರಿಂದ ಎರವಲು ಪಡೆದಿದ್ದೇನೆ, ಏಕೆಂದರೆ ಅದು ಮನೆಯಲ್ಲಿ ನಡೆಸಲು ಸುಲಭ.

ಸಸ್ಯಾಹಾರಿ ಮನೆಗಳವರಿಗೆ ಇಲ್ಲಿಯೇ ಒಂದು ಮಾತು ಹೇಳಿಬಿಡಬೇಕು. ನಾಯಿಗೆ ಮಾಂಸ, ಮೊಟ್ಟೆ ಕೊಡದೆ, ಅನ್ನ ಮೊಸರಿಗೆ ಒಂದು ಹಿಡಿ ಸೊಪ್ಪು ಸೇರಿಸಿದರೆ ಆಹಾರ ಸಮತೋಲವಾಯಿತು ಎಂಬ ನಂಬಿಕೆ ಹಲವರಲ್ಲಿದೆ. ಲೆಕ್ಕ ಹಾಕಿ ನೋಡಿ. 10 ಕೆ.ಜಿ. ತೂಕದ ವಯಸ್ಕ ನಾಯಿಗೆ ದಿನಕ್ಕೆ ಕಡಿಮೆಯೆಂದರೂ 18ರಿಂದ 20 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ಪಾಲಕ್‌ನಲ್ಲಿ ಇರುವುದು ಎರಡರಿಂದ ಮೂರು ಗ್ರಾಂ. ಸೊಪ್ಪಿನಿಂದಲೇ ಆ ಅಗತ್ಯ ತುಂಬಬೇಕಾದರೆ ನಾಯಿ ದಿನಕ್ಕೆ ಮುಕ್ಕಾಲು ಕಿಲೋ ಪಾಲಕ್ ತಿನ್ನಬೇಕು, ಅದು ಹಸುವಿನಿಂದ ಆಗುವ ಕೆಲಸ. ಪ್ರೋಟೀನಿನ ಏರ್ಪಾಡು ಮೊದಲಾಗಬೇಕು, ಸೊಪ್ಪು ಅದರ ಪಕ್ಕಕ್ಕೆ ಬರಬೇಕು.

ಮೊದಲು ನಾಯಿಯನ್ನು ನೋಡಿ, ಆಮೇಲೆ ಸೊಪ್ಪನ್ನು

ಕೆಲವು ನಾಯಿಗಳಿಗೆ ಪಶುವೈದ್ಯರನ್ನು ಕೇಳದೆ ಸೊಪ್ಪು ಆರಂಭಿಸಲೇಬಾರದು. ಅವುಗಳಲ್ಲಿ ಮೊದಲನೆಯವು ಮೂತ್ರದಲ್ಲಿ ಕಲ್ಲು ಕಾಣಿಸಿಕೊಂಡ ನಾಯಿಗಳು. ಪಾಲಕ್, ದಂಟು, ಬಸಳೆ ಮೊದಲಾದ ಸೊಪ್ಪುಗಳಲ್ಲಿ ಆಕ್ಸಲೇಟ್ ಅಂಶ ಹೇರಳವಾಗಿದೆ. ಅದು ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿದರೆ ಕಲ್ಲಾಗುತ್ತದೆ. ಶಿಟ್ಜು, ಲಾಸಾ ಆಪ್ಸೋ, ಮಿನಿಯೇಚರ್ ಷ್ನೌಜರ್, ಯಾರ್ಕ್‌ಷೈರ್ ಟೆರಿಯರ್, ಪೊಮೆರೇನಿಯನ್ ಮುಂತಾದ ಸಣ್ಣ ತಳಿಗಳಲ್ಲಿ ಈ ಬಗೆಯ ಕಲ್ಲು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ನಮ್ಮ ನಗರಗಳ ಮನೆಗಳಲ್ಲಿ ಇವೇ ಹೆಚ್ಚಾಗಿರುವುದರಿಂದ ಎಚ್ಚರಿಕೆ ಬೇಕು. ಈ ತಳಿಗಳಿಗೆ ಈವರೆಗೆ ಕಲ್ಲು ಬಂದಿಲ್ಲದಿದ್ದರೂ ಆಕ್ಸಲೇಟ್ ಹೆಚ್ಚಿರುವ ಸೊಪ್ಪನ್ನು ಬಿಟ್ಟು ಬೇರೆಯದನ್ನು ಆರಿಸುವುದು ಜಾಣತನ. ಡಾಲ್ಮೇಷಿಯನ್ ನಾಯಿಯ ಕಷ್ಟ ಬೇರೆ ಬಗೆಯದು. ಅದರ ದೇಹ ಯೂರಿಕ್ ಆಮ್ಲವನ್ನು ಸರಿಯಾಗಿ ಸಂಸ್ಕರಿಸದ ಕಾರಣ ಯೂರೇಟ್ ಕಲ್ಲಾಗುತ್ತದೆ, ಆದ್ದರಿಂದ ದೇಹದಲ್ಲಿ ಯೂರಿಕ್ ಆಮ್ಲವಾಗಿ ಮಾರ್ಪಡುವ ಪ್ಯೂರಿನ್ ಅಂಶವಿರುವ ಪಾಲಕ್ ಅದಕ್ಕೂ ಒಗ್ಗುವುದಿಲ್ಲ.

ಮೂತ್ರಪಿಂಡದ ಕಾಯಿಲೆಗೆಂದು ವಿಶೇಷ ಆಹಾರದಲ್ಲಿರುವ ನಾಯಿಗೆ ಅದರ ಹೊರತು ಏನನ್ನೂ ಸೇರಿಸಬೇಡಿ. ಮಧುಮೇಹಕ್ಕೆ ಇನ್ಸುಲಿನ್ ಪಡೆಯುವ ನಾಯಿಗೆ ಮೆಂತ್ಯ ಸೊಪ್ಪು ಬೇಡ, ಏಕೆಂದರೆ ಮೆಂತ್ಯಕ್ಕೆ ರಕ್ತದ ಸಕ್ಕರೆಯನ್ನು ಇಳಿಸುವ ಗುಣವಿದೆ. ಥೈರಾಯ್ಡ್ ಕೊರತೆಯಿರುವ ನಾಯಿಗೆ ಹಸಿ ಎಲೆಕೋಸು, ನವಿಲುಕೋಸಿನ ಎಲೆ, ಮೂಲಂಗಿ ಸೊಪ್ಪು ಬೇಡ. ಮರಿಗಳಿಗೆ ನಾಲ್ಕೈದು ತಿಂಗಳಾಗುವವರೆಗೆ ಸೊಪ್ಪಿನ ಯೋಚನೆಯೇ ಬೇಡ ಎಂಬುದು ನನ್ನ ಅಭಿಪ್ರಾಯ. ಅವುಗಳ ಹೊಟ್ಟೆ ಚಿಕ್ಕದು, ಬೆಳವಣಿಗೆಗೆ ಬೇಕಾದ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ದೊಡ್ಡದು, ಆ ಪುಟ್ಟ ಜಾಗವನ್ನು ನೀರು ಮತ್ತು ನಾರಿನಿಂದ ತುಂಬಿಸುವುದರಲ್ಲಿ ಅರ್ಥವಿಲ್ಲ.

ಮಾರುಕಟ್ಟೆಯಲ್ಲಿ ಯಾವ ಕಟ್ಟನ್ನು ಆರಿಸಬೇಕು

ಮೊದಲ ಬಾರಿಗೆ ಕೊಡುವವರು ಎಲೆಕೋಸಿನಿಂದಲೋ ಲೆಟ್ಯೂಸ್‌ನಿಂದಲೋ ಆರಂಭಿಸುವುದು ಕ್ಷೇಮ. ಎರಡರಲ್ಲೂ ಆಕ್ಸಲೇಟ್ ಕಡಿಮೆ, ರುಚಿ ಸೌಮ್ಯ. ಎಲೆಕೋಸು ಹೆಚ್ಚಾದರೆ ಹೊಟ್ಟೆಯಲ್ಲಿ ವಾಯು ತುಂಬುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು; ರಾತ್ರಿ ಮಂಚದ ಕೆಳಗೆ ನಾಯಿ ಮಲಗುವ ಮನೆಯಲ್ಲಿ ಇದನ್ನು ಯಾರೂ ಬೇಗ ಮರೆಯುವುದಿಲ್ಲ. ಮೂಲಂಗಿಯ ಎಳೆ ಸೊಪ್ಪು ಮತ್ತು ನವಿಲುಕೋಸಿನ ಎಲೆ ಕೂಡ ಬೇಯಿಸಿ ಕೊಡಲು ಯೋಗ್ಯ. ಸಾಮಾನ್ಯವಾಗಿ ಅಂಗಡಿಯವರು ಮುರಿದು ಬಿಸಾಡುವ ಈ ಎಲೆಗಳನ್ನು ಕೇಳಿ ಪಡೆದರೆ ಖರ್ಚೂ ಇಲ್ಲ. ಕೊತ್ತಂಬರಿ, ಸಬ್ಬಸಿಗೆ, ಪುದೀನ ಇವುಗಳನ್ನು ನಾಲ್ಕಾರು ಎಲೆಗಳಷ್ಟು ಪರಿಮಳಕ್ಕೆಂದು ಸೇರಿಸಬಹುದೇ ಹೊರತು ಅವನ್ನೇ ಹಿಡಿ ಹಿಡಿಯಾಗಿ ಬೇಯಿಸಿ ಹಾಕುವುದು ಬೇಡ. ಮೆಂತ್ಯದ ಕಹಿಯನ್ನು ಕೆಲವು ನಾಯಿಗಳು ಮಾತ್ರ ಒಪ್ಪುತ್ತವೆ. ನುಗ್ಗೆ ಸೊಪ್ಪಿನಲ್ಲಿ ಪೋಷಕಾಂಶ ಒತ್ತಾಗಿರುವುದರಿಂದ ಬೇರೆ ಸೊಪ್ಪಿಗೆ ಹೇಳಿದ ಅಳತೆಯ ಅರ್ಧ ಸಾಕು. ಕಡ್ಡಿಯಿಂದ ಎಲೆಯನ್ನು ಪೂರ್ತಿ ಬಿಡಿಸಿರಬೇಕು. ಮನುಷ್ಯರಿಗೆಂದು ಮಾರುವ ನುಗ್ಗೆ ಸೊಪ್ಪಿನ ಪುಡಿಯನ್ನು ಚಮಚಗಟ್ಟಲೆ ಸುರಿಯಬಾರದು.

ಪಾಲಕ್, ದಂಟು, ಕರಾವಳಿ ಮಲೆನಾಡಿನವರು ಹರಿವೆ ಎನ್ನುವ ಮತ್ತು ಉತ್ತರ ಕರ್ನಾಟಕದವರು ರಾಜಗಿರಿ ಎನ್ನುವ ಸೊಪ್ಪು, ಬಸಳೆ, ಚಕ್ಕೋತ, ಗೋಣಿ ಸೊಪ್ಪು, ಬೀಟ್‌ರೂಟಿನ ಎಲೆ ಇವೆಲ್ಲ ಆಕ್ಸಲೇಟ್ ಹೆಚ್ಚಿರುವ ಗುಂಪು. ಆರೋಗ್ಯವಂತ ವಯಸ್ಕ ನಾಯಿಗೆ ಇವನ್ನು ಹದಿನೈದು ದಿನಕ್ಕೆ ಒಂದೆರಡು ಬಾರಿ, ಕುದಿಸಿ ನೀರು ಬಸಿದ ಮೇಲೆ, ಸ್ವಲ್ಪವೇ ಕೊಟ್ಟರೆ ಅಂಜಬೇಕಾಗಿಲ್ಲ. ದಿನವೂ ಬೇಡ. ಪಾಲಕ್ ಎಂದರೆ ಕಬ್ಬಿಣ, ಕಬ್ಬಿಣ ಎಂದರೆ ಬಲ ಎಂಬ ಲೆಕ್ಕದಲ್ಲಿ ಪ್ರತಿದಿನ ಕಟ್ಟುಗಟ್ಟಲೆ ಬೇಯಿಸುವವರನ್ನು ನೋಡಿದ್ದೇನೆ. ಪಾಲಕ್‌ನ ಕಬ್ಬಿಣದಲ್ಲಿ ದೇಹಕ್ಕೆ ಹತ್ತುವುದು ಅಲ್ಪ, ನಾಯಿಗೆ ಆ ಕಬ್ಬಿಣ ಮಾಂಸ ಮತ್ತು ಯಕೃತ್ತಿನಿಂದ ಎಷ್ಟೋ ಸುಲಭವಾಗಿ ಸಿಗುತ್ತದೆ.

ಇನ್ನು ಕೊಡಲೇಬಾರದ ಎಲೆಗಳು. ಈರುಳ್ಳಿ ಸೊಪ್ಪು, ಬೆಳ್ಳುಳ್ಳಿಯ ಎಲೆ ಮೊದಲ ಸ್ಥಾನದಲ್ಲಿವೆ, ಅವುಗಳ ವಿಚಾರ ಮುಂದೆ ಬರುತ್ತದೆ. ಪತ್ರೊಡೆಗೆ ಬಳಸುವ ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿದ್ದು, ಹಸಿಯಾಗಿ ಅಗಿದರೆ ನಾಯಿಯ ಬಾಯಿ, ನಾಲಿಗೆ, ಗಂಟಲು ಉರಿದು ಊದಿಕೊಳ್ಳುತ್ತವೆ. ಟೊಮೆಟೊ, ಆಲೂಗಡ್ಡೆ ಗಿಡದ ಎಲೆಗಳಲ್ಲಿ ವಿಷಕಾರಿ ಕ್ಷಾರಾಂಶಗಳಿವೆ. ಗಣಿಕೆ ಸೊಪ್ಪು ಅದೇ ಕುಟುಂಬದ್ದು, ನಾವು ಬಾಯಿಹುಣ್ಣಿಗೆಂದು ತಿಂದರೂ ನಾಯಿಗೆ ಕೊಡದಿರುವುದೇ ಮೇಲು. ತಂಬುಳಿಗೆ ಎಂದು ಕುಂಡದಲ್ಲಿ ಬೆಳೆಸುವ ದೊಡ್ಡಪತ್ರೆ ನಾಯಿಗಳಲ್ಲಿ ವಾಂತಿ ಭೇದಿ ತರಬಲ್ಲದು; ಕೆಮ್ಮಿದ ನಾಯಿಗೆ ಮಕ್ಕಳಿಗೆ ಕೊಟ್ಟಂತೆ ಅದರ ರಸ ಹಿಂಡುವ ಅಭ್ಯಾಸವನ್ನು ಬಿಡಬೇಕು. ಲೋಳೆಸರಕ್ಕೂ ಇದೇ ಮಾತು. ಹುಳಿ ಸೊಪ್ಪುಗಳಾದ ಪುಂಡಿ ಮತ್ತು ಹುಣಸೆ ಚಿಗುರು ಕೂಡ ಬೇಡ.

ಬಯಲುಸೀಮೆಯಲ್ಲಿ ಮಳೆ ಬಿದ್ದ ಮೇಲೆ ಹೊಲದ ಬದುಗಳಿಂದ ಕಿತ್ತು ತರುವ ಬೆರಕೆ ಸೊಪ್ಪಿನ ರುಚಿಗೆ ಸಾಟಿಯಿಲ್ಲ. ಆದರೆ ಅದನ್ನು ಬಿಡಿಸಿ ಗುರುತಿಸುವ ಕಣ್ಣು ಅಜ್ಜಿಯಂದಿರ ಜೊತೆಗೇ ಹೋಗುತ್ತಿದೆ. ಉಮ್ಮತ್ತಿಯ ಎಳೆ ಗಿಡವೊಂದು ಅದರಲ್ಲಿ ಸೇರಿದರೆ ಮನುಷ್ಯರಿಗೂ ಅಪಾಯ, ನಾಯಿಗೂ ಅಪಾಯ. ಒಂದೊಂದು ಎಲೆಯ ಹೆಸರೂ ಗೊತ್ತಿಲ್ಲದಿದ್ದರೆ ಬೆರಕೆ ಸೊಪ್ಪನ್ನು ನಾಯಿಗೆ ಹಾಕಬೇಡಿ.

ತೊಳೆಯುವುದು, ಬಿಡಿಸುವುದು

ಕಟ್ಟನ್ನು ಬಿಚ್ಚುವಾಗ ಅದಕ್ಕೆ ಸುತ್ತಿದ ರಬ್ಬರ್ ಬ್ಯಾಂಡ್ ಅಥವಾ ಬಾಳೆಯ ನಾರನ್ನು ನೇರವಾಗಿ ಮುಚ್ಚಳವಿರುವ ಕಸದ ಡಬ್ಬಿಗೆ ಹಾಕಿ. ಸೊಪ್ಪಿನ ವಾಸನೆ ಹಿಡಿದ ರಬ್ಬರ್ ಬ್ಯಾಂಡನ್ನು ನುಂಗುವ ನಾಯಿಗಳಿವೆ. ಬೇರು, ಹಳದಿಯಾದ ಎಲೆ, ಕೊಳೆತ ತುದಿ, ಹೂ ಬಂದ ಕುಡಿ ಎಲ್ಲವನ್ನೂ ತೆಗೆದು, ದಪ್ಪ ದಂಟನ್ನು ಬೇರ್ಪಡಿಸಿ. ನಮಗೆ ರುಚಿಯಾದ ದಂಟಿನ ನಾರು ನಾಯಿಯ ಕರುಳಿನಲ್ಲಿ ಜೀರ್ಣವಾಗದೆ ಎಳೆ ಎಳೆಯಾಗಿ ಹೊರಬರುತ್ತದೆ, ಕೆಲವೊಮ್ಮೆ ಹಿಂಭಾಗದಲ್ಲಿ ಸಿಕ್ಕಿಕೊಂಡು ನಾಯಿಗೂ ಮನೆಯವರಿಗೂ ಪೇಚಾಟವಾಗುತ್ತದೆ.

ಎಲೆಗಳನ್ನು ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ ಮುಳುಗಿಸಿ, ಹತ್ತು ನಿಮಿಷ ಬಿಟ್ಟು, ಮಣ್ಣು ತಳಕ್ಕೆ ಕೂರಲು ಬಿಡಿ. ಎಲೆಯನ್ನು ಮೇಲಕ್ಕೆ ಎತ್ತಿಕೊಳ್ಳಬೇಕೇ ಹೊರತು ಪಾತ್ರೆಯನ್ನು ಬಗ್ಗಿಸಿ ಸುರಿದರೆ ಕೂತ ಮಣ್ಣು ಮತ್ತೆ ಎಲೆಗೇ ಅಂಟುತ್ತದೆ. ನೀರು ತಿಳಿಯಾಗುವವರೆಗೆ, ಅಂದರೆ ಮೂರು ಸಲವಾದರೂ, ಇದನ್ನೇ ಮಾಡಬೇಕು. ಉಪ್ಪು ಹಾಕಿದ ನೀರಿನಲ್ಲಿ ನೆನೆಸುವ ಅಭ್ಯಾಸವಿದ್ದರೆ ಕೊನೆಯ ಎರಡು ತೊಳೆತ ಬರೀ ನೀರಿನದಾಗಿರಲಿ. ತೊಳೆತದಿಂದ ಮಣ್ಣು, ಹುಳುವಿನ ಮೊಟ್ಟೆ, ಎಲೆಯ ಮೇಲೆ ಕುಳಿತ ಔಷಧಿಯ ಒಂದಿಷ್ಟು ಭಾಗ ಹೋಗುತ್ತವೆ. ಗಿಡದ ಒಳಗೇ ಸೇರಿದ್ದು ಹೋಗುವುದಿಲ್ಲ. ಬೆಂಗಳೂರಿನ ಸುತ್ತ ವೃಷಭಾವತಿಯಂಥ ಕೊಳಚೆ ಸೇರಿದ ನೀರಿನಲ್ಲಿ ಬೆಳೆದ ಸೊಪ್ಪಿನ ಬಗ್ಗೆ ಇರುವ ಅಳುಕು ನಾಯಿಯ ವಿಷಯದಲ್ಲಿಯೂ ಇರಲಿ. ಸಾಧ್ಯವಾದರೆ ತಾರಸಿಯ ಕುಂಡದಲ್ಲಿ ಒಂದಿಷ್ಟು ಸೊಪ್ಪು ಬಿತ್ತಿಕೊಳ್ಳುವುದು ಉತ್ತಮ, ಆದರೆ ಆ ಕುಂಡಕ್ಕೆ ನಾಯಿಯೇ ಕಾಲೆತ್ತದಂತೆ ಎತ್ತರದಲ್ಲಿ ಇಡಬೇಕಾಗುತ್ತದೆ.

ಬೇಯಿಸಿ, ಬಸಿದು, ಮಸೆದು

ನಾಯಿಯ ದವಡೆ ಮೇಲೆ ಕೆಳಗೆ ಮಾತ್ರ ಆಡುತ್ತದೆ, ಹಸುವಿನಂತೆ ಅಡ್ಡಡ್ಡ ಆಡುವುದಿಲ್ಲ. ಅದರ ಹಲ್ಲುಗಳು ಕತ್ತರಿಯಂತೆ ಸೀಳುತ್ತವೆ, ಬೀಸುವ ಕಲ್ಲಿನಂತೆ ಅರೆಯುವುದಿಲ್ಲ. ಸಸ್ಯದ ಜೀವಕೋಶದ ಗೋಡೆಯನ್ನು ಒಡೆಯುವ ಕಿಣ್ವವೂ ಅದರಲ್ಲಿಲ್ಲ. ಹಸಿ ಎಲೆಯನ್ನು ಹಾಗೆಯೇ ಹಾಕಿದರೆ ಮರುದಿನ ಬೆಳಗ್ಗೆ ಅದೇ ಎಲೆ, ಅದೇ ಬಣ್ಣದಲ್ಲಿ ಹೊರಬಿದ್ದಿರುತ್ತದೆ. ಆದ್ದರಿಂದ ಆ ಒಡೆಯುವ ಕೆಲಸವನ್ನು ನಾವು ಬೆಂಕಿಯಿಂದಲೂ ಕೈಯಿಂದಲೂ ಮಾಡಿಕೊಡಬೇಕು.

ಧಾರಾಳ ನೀರನ್ನು ಕುದಿಯಲು ಇಟ್ಟು, ಕುದಿ ಬಂದ ಮೇಲೆ ಎಲೆಗಳನ್ನು ಹಾಕಿ, ಮುಚ್ಚಳ ಮುಚ್ಚದೆ, ಎಳೆ ಸೊಪ್ಪಾದರೆ ನಾಲ್ಕೈದು ನಿಮಿಷ, ಎಲೆಕೋಸು ಅಥವಾ ನುಗ್ಗೆಯಾದರೆ ಎಂಟು ಹತ್ತು ನಿಮಿಷ ಬೇಯಿಸಿ. ನಂತರ ನೀರನ್ನು ಪೂರ್ತಿ ಬಸಿದು ಚೆಲ್ಲಿ. ನೀರಿನಲ್ಲಿ ಕರಗುವ ಆಕ್ಸಲೇಟಿನ ದೊಡ್ಡ ಪಾಲು ಹೀಗೆ ಕುದಿಸಿದಾಗ ನೀರಿಗೆ ಇಳಿಯುತ್ತದೆ. ಹಬೆಯಲ್ಲಿ ಬೇಯಿಸಿದರೆ ಅಷ್ಟು ಇಳಿಯುವುದಿಲ್ಲ. ಹಬೆಯಲ್ಲಿ ಜೀವಸತ್ವ ಉಳಿಯುತ್ತದೆ ಎಂಬ ಮಾತು ನಿಜವಾದರೂ, ಪಾಲಕ್, ದಂಟು, ಬಸಳೆಗಳ ವಿಷಯದಲ್ಲಿ ನಾನು ಒಂದಿಷ್ಟು ಜೀವಸತ್ವವನ್ನು ಬಿಟ್ಟುಕೊಟ್ಟು ಆಕ್ಸಲೇಟನ್ನು ಕಳೆದುಕೊಳ್ಳುವ ಪಕ್ಷದವನು. ಎಲೆಕೋಸು, ಲೆಟ್ಯೂಸ್‌ಗಳಿಗೆ ಈ ಬಿಗಿ ಬೇಕಿಲ್ಲ. ಬಸ್ಸಾರಿನ ಮನೆಯಲ್ಲಿ ಬಸಿದ ನೀರು ನಮ್ಮ ಸಾರಿಗೆ ಹೋಗುತ್ತದೆ, ಬಸಿದ ಸೊಪ್ಪು ನಾಯಿಗೆ ಸಿಗುತ್ತದೆ, ಎಂದರೆ ಆಕ್ಸಲೇಟಿನ ಪಾಲು ನಮ್ಮದೇ ಆಗುತ್ತದೆ. ಮನೆಯಲ್ಲಿ ಕಿಡ್ನಿ ಕಲ್ಲಿನವರಿದ್ದರೆ ಅವರೂ ಇದನ್ನು ಗಮನಿಸಬಹುದು. ಬೇಳೆ, ಕಾಳುಗಳ ಜೊತೆಗೇ ಸೊಪ್ಪು ಬೇಯಿಸುವಾಗ ಕೆಲವರು ಆಗಲೇ ಉಪ್ಪು ಹಾಕುತ್ತಾರೆ. ಅಂಥ ದಿನ ನಾಯಿಯ ಪಾಲನ್ನು ಚಿಕ್ಕ ಪಾತ್ರೆಯಲ್ಲಿ ಬೇರೆಯಾಗಿ ಬೇಯಿಸುವುದು ಅನಿವಾರ್ಯ.

ಬಸಿದ ಸೊಪ್ಪನ್ನು ಹಿಂಡಿ, ಸಣ್ಣಗೆ ಹೆಚ್ಚಿ, ಮಸ್ಸೊಪ್ಪಿಗೆ ಮಾಡುವಂತೆ ಕಡಗೋಲಿನಲ್ಲಿ ಮಸೆಯಬೇಕು, ಇಲ್ಲವೇ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಬೇಕು. ತೀರಾ ನುಣ್ಣಗಾಗಬೇಕೆಂದೇನಿಲ್ಲ, ಆದರೆ ಎಲೆಯ ಚೂರು ನಾಯಿಯ ನಾಲಿಗೆಗೆ ಬೇರೆಯಾಗಿ ಸಿಗದಷ್ಟು ಬೆರೆಯಬೇಕು. ನಮ್ಮ ಮನೆಯ ನಾಯಿ ಅನ್ನದ ಅಗುಳನ್ನೆಲ್ಲ ತಿಂದು, ಹೆಚ್ಚಿ ಹಾಕಿದ ಎಲೆಯ ಚೂರುಗಳನ್ನು ಮಾತ್ರ ತಟ್ಟೆಯ ಅಂಚಿಗೆ ಸಾಲಾಗಿ ಒತ್ತರಿಸಿ ಇಡುತ್ತಿತ್ತು. ಮಸೆದು ಬೆರೆಸಲು ತೊಡಗಿದ ದಿನದಿಂದ ಆ ಸಾಲು ನಿಂತಿತು.

ಒಗ್ಗರಣೆ ಏಕೆ ಬೇಡ

ಈರುಳ್ಳಿ, ಬೆಳ್ಳುಳ್ಳಿ ಮತ್ತು ಅವುಗಳ ಸೊಪ್ಪಿನಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ಈ ಗುಣ ಹೋಗುವುದಿಲ್ಲ. ನಾಯಿಯ ಪ್ರತಿ ಕೆ.ಜಿ. ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆ ಸೇರಿದರೆ ರಕ್ತದಲ್ಲಿ ಗಂಭೀರ ಬದಲಾವಣೆ ಕಾಣುತ್ತದೆ, 10 ಕೆ.ಜಿ. ನಾಯಿಗೆ ಅದು ಒಂದೂವರೆ ಎರಡು ಈರುಳ್ಳಿಯಷ್ಟು. ಬೆಳ್ಳುಳ್ಳಿ ತೂಕಕ್ಕೆ ತೂಕ ಇನ್ನೂ ತೀಕ್ಷ್ಣ. ಇಷ್ಟು ಒಂದೇ ಊಟದಲ್ಲಿ ಯಾರು ಕೊಡುತ್ತಾರೆ ಎಂದು ಕೇಳಬಹುದು. ದಿನವೂ ಸ್ವಲ್ಪ ಸ್ವಲ್ಪವಾಗಿ ಹೋದರೂ ಹಾನಿ ಕೂಡುತ್ತಾ ಬರುತ್ತದೆ, ಮತ್ತು ಲಕ್ಷಣಗಳು ತಿಂದ ದಿನವೇ ಕಾಣದೆ ಕೆಲವು ದಿನಗಳ ನಂತರ ಕಾಣಿಸುವುದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ. ವಸಡು ಬಿಳಿಚಿಕೊಳ್ಳುವುದು, ನಿತ್ರಾಣ, ಏದುಸಿರು, ಕಂದು ಅಥವಾ ಕೆಂಪು ಬಣ್ಣದ ಮೂತ್ರ ಕಂಡರೆ ತಡಮಾಡದೆ ಪಶುವೈದ್ಯರ ಬಳಿಗೆ ಹೋಗಬೇಕು.

ಹುಣಸೆಯ ವಿಷಯ ಇತ್ತೀಚಿನದು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ ಎಂಬುದು ಎಷ್ಟೋ ವರ್ಷಗಳಿಂದ ಗೊತ್ತಿದ್ದರೂ ಅದಕ್ಕೆ ಕಾರಣವೇನೆಂಬುದು ಗೊತ್ತಿರಲಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂದು ಅಮೆರಿಕದ ಪ್ರಾಣಿ ವಿಷಚಿಕಿತ್ಸಾ ತಜ್ಞರು 2021ರಲ್ಲಿ ಮುಂದಿಟ್ಟರು, ನಂತರ ಹುಣಸೆ ತಿಂದ ನಾಯಿಗಳಲ್ಲಿ ಮೂತ್ರಪಿಂಡ ಕೆಟ್ಟ ಪ್ರಕರಣಗಳನ್ನೂ ವರದಿ ಮಾಡಿದರು. ಹುಣಸೆಯ ಹುಳಿಗೆ ಮೂಲವೂ ಇದೇ ಆಮ್ಲ. ಸಾರಿನಲ್ಲಿ ಕಲಸಿದ ಅನ್ನ ತಿಂದು ನಮ್ಮ ನಾಯಿಗಳು ಬದುಕಿಲ್ಲವೇ ಎಂದು ವಾದಿಸಬಹುದು. ಬದುಕಿವೆ. ಆದರೆ ಗೊತ್ತಾದ ಮೇಲೂ ಕೊಡುವುದಕ್ಕೆ ಕಾರಣವೇ ಇಲ್ಲ, ಏಕೆಂದರೆ ನಾಯಿಗೆ ಬೇಕಾದದ್ದು ಆ ಹುಳಿಯಲ್ಲ.

ಅಳತೆ ಮತ್ತು ದಿನಗಳು

ತಿಂಡಿ ತಿನಿಸುಗಳೆಲ್ಲ ಸೇರಿ ನಾಯಿಯ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ಮೀರಬಾರದು ಎಂಬುದು ಪಶುವೈದ್ಯರು ಹೇಳುವ ಸಾಮಾನ್ಯ ನಿಯಮ. ಸೊಪ್ಪಿಗೆ ಈ ನಿಯಮ ಉಪಯೋಗಕ್ಕೆ ಬರುವುದಿಲ್ಲ. 10 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು, ಹತ್ತನೇ ಒಂದು ಭಾಗವೆಂದರೆ 60. ಬೆಂದ ಸೊಪ್ಪಿನಲ್ಲಿ 100 ಗ್ರಾಮಿಗೆ 25ರ ಆಸುಪಾಸಿನಲ್ಲಿ ಕ್ಯಾಲೊರಿ ಇರುವುದರಿಂದ ಈ ಲೆಕ್ಕದಲ್ಲಿ ನಾಯಿಗೆ ಕಾಲು ಕಿಲೋ ಸೊಪ್ಪು ಕೊಡಬಹುದು ಎಂದಾಗುತ್ತದೆ. ಕೊಟ್ಟು ನೋಡಿದವರಿಗೆ ಮರುದಿನ ಅಂಗಳ ತೊಳೆಯುವ ಕೆಲಸ ಕಾದಿರುತ್ತದೆ. ಇಲ್ಲಿ ಕ್ಯಾಲೊರಿಯಲ್ಲ, ಕರುಳು ಅಳತೆಗೋಲು.

ನಾನು ಅನುಸರಿಸುವ ಅಳತೆ ಹೀಗಿದೆ. 10 ಕೆ.ಜಿ. ತೂಕದ ನಾಯಿಗೆ ಮೊದಲ ದಿನ ಮಸೆದ ಸೊಪ್ಪು ಒಂದು ಟೀ ಚಮಚ. ಎರಡು ದಿನ ಬಿಟ್ಟು, ಮಲ ಗಟ್ಟಿಯಾಗಿಯೇ ಇದ್ದರೆ ಎರಡು ಟೀ ಚಮಚ. ಹೀಗೆ ಹತ್ತು ಹನ್ನೆರಡು ದಿನಗಳಲ್ಲಿ ಒಂದರಿಂದ ಎರಡು ದೊಡ್ಡ ಚಮಚಕ್ಕೆ ತಂದು ನಿಲ್ಲಿಸಬೇಕು. ಪೊಮೆರೇನಿಯನ್‌ನಂಥ ಮೂರು ನಾಲ್ಕು ಕೆ.ಜಿ. ನಾಯಿಗೆ ಕೊನೆಯ ಅಳತೆಯೇ ಒಂದೆರಡು ಟೀ ಚಮಚ, 30 ಕೆ.ಜಿ. ಲ್ಯಾಬ್ರಡಾರ್‌ಗೆ ನಾಲ್ಕು ದೊಡ್ಡ ಚಮಚದವರೆಗೆ ಹೋಗಬಹುದು. ವಾರಕ್ಕೆ ಮೂರು ದಿನ ಸಾಕು. ಒಂದು ಬಾರಿಗೆ ಒಂದೇ ಬಗೆಯ ಸೊಪ್ಪು ಆರಂಭಿಸಿ, ಅದು ಒಗ್ಗಿದ ಮೇಲೆ ಇನ್ನೊಂದನ್ನು ತನ್ನಿ. ಎರಡನ್ನು ಒಟ್ಟಿಗೆ ತಂದರೆ ತೊಂದರೆಯಾದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ. ತೂಕ ಇಳಿಸಬೇಕಾದ ನಾಯಿಗೆ ಮಾತ್ರ ಊಟದ ಹತ್ತನೇ ಒಂದು ಭಾಗವನ್ನು ತೆಗೆದು ಆ ಜಾಗದಲ್ಲಿ ಬೆಂದ ಎಲೆಕೋಸು, ಬೀನ್ಸ್ ತುಂಬಿಸಬಹುದು, ಆದರೆ ತೆಗೆಯಬೇಕಾದದ್ದು ಅನ್ನದ ಪಾಲನ್ನೇ ಹೊರತು ಮಾಂಸ ಮೊಟ್ಟೆಯ ಪಾಲನ್ನಲ್ಲ.

ಸೊಪ್ಪನ್ನು ಬರಿದೇ ಇಡಬೇಡಿ, ಬೆಚ್ಚಗಿರುವ ಊಟದಲ್ಲಿ ಕಲಸಿ. ಆಕ್ಸಲೇಟ್ ಇರುವ ಸೊಪ್ಪಾದರೆ ಅದೇ ಊಟದಲ್ಲಿ ಒಂದು ಚಮಚ ಹುಳಿಯಿಲ್ಲದ ಗಟ್ಟಿ ಮೊಸರು ಸೇರಿಸುವುದು ಒಳ್ಳೆಯದು. ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದುಕೊಂಡು ಮಲದ ಮೂಲಕ ಹೊರಹಾಕುತ್ತದೆ. ಕಲ್ಲಿನ ತೊಂದರೆಯಿರುವ ನಾಯಿಗೆ ಪಾಲಕ್ ಕೊಡಲು ಇದನ್ನು ನೆಪ ಮಾಡಿಕೊಳ್ಳಬಾರದು. ಎ ಮತ್ತು ಕೆ ಜೀವಸತ್ವ ಹೀರಲು ಕೊಬ್ಬು ಬೇಕೆಂದು ತುಪ್ಪ ಸುರಿಯುವ ಅಗತ್ಯವಿಲ್ಲ, ಊಟದಲ್ಲಿರುವ ಮಾಂಸದ ಅಥವಾ ಮೊಟ್ಟೆಯ ಕೊಬ್ಬೇ ಸಾಕಾಗುತ್ತದೆ.

ಏನನ್ನು ಗಮನಿಸಬೇಕು

ಮೊದಲ ವಾರ ಮಲದ ಪ್ರಮಾಣ ಸ್ವಲ್ಪ ಹೆಚ್ಚುವುದು, ಅಲ್ಲಲ್ಲಿ ಹಸಿರು ಚುಕ್ಕೆ ಕಾಣುವುದು, ವಾಯು ಹೋಗುವುದು ಇವೆಲ್ಲ ಸಹಜ. ನೀರಾಗಿ ಹೋದರೆ ಸೊಪ್ಪನ್ನು ನಿಲ್ಲಿಸಿ, ಎಲ್ಲ ಸರಿಯಾದ ಮೇಲೆ ಅರ್ಧ ಅಳತೆಯಿಂದ ಮತ್ತೆ ಆರಂಭಿಸಿ. ಒಂದು ದಿನ ಕಳೆದರೂ ವಾಂತಿ ಭೇದಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ನಾಯಿ ಮೂತ್ರಕ್ಕೆ ಪದೇ ಪದೇ ಕೂತು ಹನಿ ಹನಿಯಾಗಿ ಹೋಗುತ್ತಿದ್ದರೆ ಅಥವಾ ಮೂತ್ರವೇ ಬಾರದಿದ್ದರೆ ಮನೆಮದ್ದಿಗೆ ಕೈ ಹಾಕಬಾರದು. ಮೂತ್ರ ಕಟ್ಟಿಕೊಂಡ ಗಂಡು ನಾಯಿಗೆ ಕೆಲವೇ ಗಂಟೆಗಳ ತಡವೂ ಪ್ರಾಣಕ್ಕೆ ಕುತ್ತು.

ಸೊಪ್ಪಿನಲ್ಲಿ ಕೆ ಜೀವಸತ್ವ ಇದೆ ಎಂದು ತಿಳಿದವರಲ್ಲಿ ಒಂದು ಅಪಾಯಕಾರಿ ತಪ್ಪು ತಿಳಿವಳಿಕೆಯೂ ಹುಟ್ಟುವುದುಂಟು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಇಲಿ ವಿಷ ತಿಂದ ನಾಯಿಗೆ ವೈದ್ಯರು ಕೊಡುವ ಔಷಧಿ ಕೆ ಜೀವಸತ್ವವೇ ಆದರೂ, ಅದರ ಪ್ರಮಾಣಕ್ಕೂ ಸೊಪ್ಪಿನಲ್ಲಿರುವುದಕ್ಕೂ ಹೋಲಿಕೆಯೇ ಇಲ್ಲ. ಅಂಥ ಹೊತ್ತಿನಲ್ಲಿ ಪಾಲಕ್ ರಸ ಕುಡಿಸುತ್ತ ಕೂತರೆ ನಾಯಿ ಉಳಿಯುವುದಿಲ್ಲ.

ನಾಯಿ ಗರಿಕೆ ಮೇಯುತ್ತದೆ, ಸೊಪ್ಪು ಕೊಟ್ಟರೆ ನಿಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ನಿಲ್ಲಬೇಕೆಂದೇನಿಲ್ಲ. ಹೊಟ್ಟೆ ಕೆಟ್ಟಾಗ ವಾಂತಿ ಮಾಡಿಕೊಳ್ಳಲೆಂದೇ ನಾಯಿ ಹುಲ್ಲು ತಿನ್ನುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ ಹುಲ್ಲು ತಿನ್ನುವ ನಾಯಿಗಳ ಪೈಕಿ ಅದಕ್ಕೂ ಮುನ್ನ ಅಸ್ವಸ್ಥವಾಗಿದ್ದವು ಹತ್ತರಲ್ಲಿ ಒಂದಕ್ಕಿಂತ ಕಡಿಮೆ, ತಿಂದ ಮೇಲೆ ವಾಂತಿ ಮಾಡಿದವು ಸುಮಾರು ಐದರಲ್ಲಿ ಒಂದು. ಹುಲ್ಲು ತಿನ್ನುವುದು ನಾಯಿಯ ಸಹಜ ನಡವಳಿಕೆ. ಕಳೆನಾಶಕ ಸಿಂಪಡಿಸಿದ ಉದ್ಯಾನದಲ್ಲಿ ಅದನ್ನು ತಡೆದರೆ ಸಾಕು.

ಉಳಿದ ಸೊಪ್ಪನ್ನು ಇಡುವ ಬಗೆ

ಬೆಂದ ಸೊಪ್ಪನ್ನು ಒಲೆಯ ಪಕ್ಕದಲ್ಲಿ ಸಂಜೆಯವರೆಗೆ ಬಿಡಬಾರದು. ಸೊಪ್ಪಿನಲ್ಲಿರುವ ನೈಟ್ರೇಟ್ ಬೆಚ್ಚಗಿನ ಹವೆಯಲ್ಲಿ ಬ್ಯಾಕ್ಟೀರಿಯಾಗಳಿಂದ ಹಾನಿಕರವಾದ ನೈಟ್ರೈಟ್ ಆಗಿ ಮಾರ್ಪಡುತ್ತದೆ. ಆರಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ, ಎರಡು ದಿನದೊಳಗೆ ಮುಗಿಸಿ. ವಾರಕ್ಕೆ ಒಂದೇ ಬಾರಿ ಬೇಯಿಸುವವರು ಮಸೆದ ಸೊಪ್ಪನ್ನು ಐಸ್ ಟ್ರೇಯ ಗುಳಿಗಳಲ್ಲಿ ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿಕೊಂಡರೆ ಅಳತೆಯೂ ತಾನಾಗಿ ಸಿಗುತ್ತದೆ. ಸಾಮಾನ್ಯ ಟ್ರೇಯ ಒಂದು ಗುಳಿ ಹೆಚ್ಚುಕಡಿಮೆ ಒಂದು ದೊಡ್ಡ ಚಮಚದಷ್ಟಿರುತ್ತದೆ. ಬೇಕಾದ ದಿನ ಒಂದು ಗಡ್ಡೆ ತೆಗೆದು, ಬಿಸಿ ಅನ್ನದಲ್ಲಿ ಕರಗಿಸಿ ಕಲಸಬೇಕು. ಟ್ರೇಯ ಮೇಲೆ ನಾಯಿಯದು ಎಂದು ಬರೆದು ಅಂಟಿಸುವುದು ಒಳ್ಳೆಯದು, ಇಲ್ಲದಿದ್ದರೆ ಮನೆಗೆ ಬಂದ ನೆಂಟರು ಅದನ್ನು ಪುದೀನ ಚಟ್ನಿ ಎಂದುಕೊಳ್ಳುವ ಸಾಧ್ಯತೆಯಿದೆ.

ಇಷ್ಟೆಲ್ಲ ಮಾಡಿದ ಮೇಲೂ ಮೂಸಿ ನೋಡಿ ಮುಖ ತಿರುಗಿಸುವ ನಾಯಿಗಳಿರುತ್ತವೆ. ಮೂರು ಬೇರೆ ಬೇರೆ ಸೊಪ್ಪಿನಲ್ಲಿ ಮೂರು ಸಲ ಪ್ರಯತ್ನಿಸಿ, ಒಪ್ಪದಿದ್ದರೆ ಬಿಟ್ಟುಬಿಡಿ. ಹಸಿವಿನಿಂದ ಕೆಡವಿ ತಿನ್ನಿಸುವಂಥ ಮಹತ್ವ ಸೊಪ್ಪಿಗಿಲ್ಲ. ಅದರ ಬದಲು ಬೆಂದ ಸಿಹಿಗುಂಬಳ, ಬೀನ್ಸ್ ಅಥವಾ ಕ್ಯಾರೆಟ್ ಕೊಟ್ಟರೆ ನಾರಿನಂಶದ ಕೆಲಸ ಆಗುತ್ತದೆ, ಬೇಯಿಸಿಟ್ಟ ಸೊಪ್ಪಿಗೆ ಆಗ ಧಾರಾಳವಾಗಿ ಒಗ್ಗರಣೆ ಹಾಕಿ ನಾವು ತಿನ್ನಬಹುದು.